ಊರ ಬಯಲಿಗೆ ಊರವರೇ ಕಾವಲು

ಮನೆಗೆ ಅಂಗಳವೆಂತೋ ಊರಿಗೆ ಬಯಲು ಅಂತೆ. ಮಕ್ಕಳು ಆಡಿ ಬೆಳೆಯುವುದೂ ಹಿರಿಯರು ಸಂಜೆಯ ವೇಳೆ ಕುಳಿತು ಸುಖದುಃಖ ಹಂಚಿಕೊಳ್ಳುವುದೂ ಅಲ್ಲಿಯೇ. ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ಕಾರ್ಖಾನೆಗಳೂ ಕಚೇರಿಗಳೂ ವಸತಿ ಸಮುಚ್ಚಯಗಳೂ ಬೆಳೆದಂತೆ ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಕಿರಿದಾದವು. ಉಳಿದುದನ್ನು ಕಾಯುವವರು ಯಾರು?

ಕಾನೂನಿನ ಬಲ ಇಲ್ಲದಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ರಚಿಸುವ ಬಡಾವಣೆಯಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ, ಆಟದ ಮೈದಾನಗಳಿಗೆ ಮೀಸಲಿಡಬೇಕೆಂದು ಅಧಿನಿಯಮವೇ ವಿಧಿಸಿದೆ. ಉದ್ಯಾನ, ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ಕಾಯಿದೆಯೂ ಆಯಿತು. ಆದರೆ ನಕ್ಷೆಯಲ್ಲಿ ಬಳಿದ ಹಸಿರು ಬಣ್ಣವು ತಾನಾಗಿ ಮರವಾಗದು.

ಸದಾಶಿವನಗರದ ನಿವಾಸಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಹಂಚಿಕೆ ಮಾಡಿದಾಗ ಬಿ.ಎಸ್. ಮುದ್ದಪ್ಪ ಮೊದಲಾದವರು ನ್ಯಾಯಾಲಯದ ಮೊರೆಹೊಕ್ಕರು. ಆಸ್ಪತ್ರೆಯೂ ಜನೋಪಕಾರಿಯೇ ಅಲ್ಲವೇ ಎಂಬ ವಾದ ಬಲವಾಗಿಯೇ ಇತ್ತು. ಆದರೂ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತು, ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂಬುದನ್ನೂ ಎತ್ತಿಹಿಡಿಯಿತು.

ಜಾಗ ಉಳಿದರೆ ಸಾಲದು, ಅದರ ಪಾಲನೆಯೂ ಆಗಬೇಕು. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ, ಸರ್ಜಾಪುರ ರಸ್ತೆಯ ಬದಿಯಲ್ಲಿ, ಸುಮಾರು 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯಿದೆ. ಕಸ, ಕೊಳಚೆಗಳಿಂದ ಸೊರಗಿದ್ದ ಅದನ್ನು 2009ರಿಂದೀಚೆಗೆ ಪಾಲಿಕೆಯೂ ಸುತ್ತಲಿನ ನಿವಾಸಿಗಳೂ ಪರಿಸರ ತಜ್ಞರೂ ಒಡಗೂಡಿ ಪುನರುಜ್ಜೀವಗೊಳಿಸಿದರು. ಬಳಿಕ ನಿವಾಸಿಗಳು ಕಟ್ಟಿಕೊಂಡ 'ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ'ಯು ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ನಿತ್ಯದ ಮೇಲ್ವಿಚಾರಣೆಗೆ ಹೆಗಲು ಕೊಟ್ಟಿತು. ವಾಯುವಿಹಾರದ ಹಾದಿ ಬಂದಿತೆಂದು ದನಕ್ಕೆ ಹುಲ್ಲು ಕೊಯ್ಯುವ ಹಳಬರನ್ನು ಹೊರಗಟ್ಟಲಿಲ್ಲ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಕೆರೆ ತಮ್ಮದಾಗಿಯೇ ಉಳಿಯಿತು. ಎಲ್ಲರಿಗೂ ಪಾಲಿರುವಲ್ಲಿ ಎಲ್ಲರ ಕಣ್ಣೂ ಇರುತ್ತದೆ.

ಆದುದರಿಂದ ಪ್ರತಿಯೊಂದು ಬಡಾವಣೆಯ ಕುಟುಂಬಗಳೂ ಮೊದಲು ಅನುಮೋದಿತ ನಕ್ಷೆಯ ಪ್ರತಿಯನ್ನು ಪಡೆದು ಬಯಲಿನ ಎಲ್ಲೆಯನ್ನು ತಿಳಿದಿರಬೇಕು. ವಾರಕ್ಕೊಮ್ಮೆ ಇಬ್ಬರಾದರೂ ಸುತ್ತಿಬಂದು ಬೇಲಿ, ದೀಪ, ನೀರು, ಶೌಚಾಲಯ, ಮಕ್ಕಳ ಉಯ್ಯಾಲೆ, ಜಾರುಬಂಡೆಗಳ ಸ್ಥಿತಿಯನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೊರತೆ ಕಂಡರೆ ಬಾಯಿಮಾತಿನ ದೂರಿನ ಬದಲು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮುರಿದ ಉಯ್ಯಾಲೆಯನ್ನು ಆರು ತಿಂಗಳು ಯಾರೂ ಕೇಳದಿದ್ದರೆ, ಏಳನೆಯ ತಿಂಗಳು ಆ ಜಾಗವನ್ನೇ ಕೇಳುವವರು ಬಂದಾರು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ತಮ್ಮೊಬ್ಬರಿಗಾಗಿ ಅಲ್ಲ. ಹೊಸ ಕೆರೆ ಕಟ್ಟುವ ಭಾಗ್ಯ ನಮಗಿಲ್ಲದಿರಬಹುದು. ಇರುವ ಬಯಲನ್ನು ಮೊಮ್ಮಕ್ಕಳಿಗೆ ಉಳಿಸಿಕೊಡುವ ಕಾಯಕವಾದರೂ ನಮ್ಮದಾಗಲಿ.