ದುಃಖಕ್ಕೆ ದನಿಗೂಡಿಸುವ ಮೇಳ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿಯಲ್ಲಿ ಸಾಗುವ ಪ್ರವಾಸಿಗರು ಗೊಟಗೋಡಿಯಲ್ಲಿ ವಾಹನ ನಿಲ್ಲಿಸುವುದು ಬಹುಮಟ್ಟಿಗೆ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೈದಳೆದ ಉತ್ಸವ ರಾಕ್ ಗಾರ್ಡನ್ನಿನ ಶಿಲ್ಪಗಳನ್ನು ನೋಡುವುದಕ್ಕಾಗಿ. ಜಾನಪದಕ್ಕೇ ಮೀಸಲಾಗಿ 2011ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವೂ ಅಲ್ಲಿಯೇ ಇರುವುದನ್ನು ಕೆಲವರು ಬಲ್ಲರು. ಆದರೆ ಅದೇ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಷರೀಫರ ತತ್ತ್ವಪದಗಳನ್ನು ಹಾಡುವ ಭಜನಾ ಮೇಳದ ಮುಂದೆ ಒಂದು ರಾತ್ರಿ ಕುಳಿತುಕೊಳ್ಳುವಷ್ಟು ವ್ಯವಧಾನವುಳ್ಳವರು ಮಾತ್ರ ವಿರಳ.

ಮೇಳದ ಸಾಮಗ್ರಿ ಅತ್ಯಲ್ಪ. ಏಕತಾರಿ, ದಮ್ಮಡಿ, ತಾಳ, ಅನುಕೂಲವಿದ್ದಲ್ಲಿ ಹಾರ್ಮೋನಿಯಂ ಮತ್ತು ತಬಲಾ. ಊಟದ ತರುವಾಯ ಗುಡಿಯ ಪೌಳಿಯಲ್ಲಿಯೋ ಮಠದ ಕಟ್ಟೆಯ ಮೇಲೋ ಹಾಸಿದ ಒಂದು ಜಮಖಾನೆ. ಮುಂದಾಳು ಪಲ್ಲವಿಯನ್ನು ಎತ್ತಿಕೊಟ್ಟೊಡನೆ ಹಿಮ್ಮೇಳದವರು ಅದನ್ನು ಕೈಗೆತ್ತಿಕೊಳ್ಳುತ್ತಾರೆ. ನುಡಿಯಿಂದ ನುಡಿಗೆ ಲಯವು ಬಿಗಿಯಾಗುತ್ತ, ಕಡೆಯ ನುಡಿಯಲ್ಲಿ 'ಶಿಶುನಾಳಧೀಶ'ನ ಅಂಕಿತ ಬರುವ ವೇಳೆಗೆ ಹಾಡುವವರಾರು, ಕೇಳುವವರಾರು ಎಂಬ ಭೇದವೇ ಅಳಿದುಹೋಗಿರುತ್ತದೆ.

ಷರೀಫರು (1819–1889) ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಕಳಸದ ಗುರು ಗೋವಿಂದಭಟ್ಟರಿಗೆ ಶಿಷ್ಯರಾದವರು. ಸೋರುವ ಮಾಳಿಗೆ, ನೇಯುವ ಮಗ್ಗ, ಸೇದುವ ಗುಡುಗುಡಿ, ಎಲ್ಲವೂ ಅವರಿಗೆ ಪದದ ವಸ್ತುವೇ ಆದುವು. ಕುಂದಗೋಳದ ಕಡೆಯಿಂದ ಬಂದ ಪತ್ನಿ ಫಾತಿಮಾ ತೀರಿಕೊಂಡುದು ಅವರ ಬಾಳಿನ ದೊಡ್ಡ ಆಘಾತ. ಮಡದಿಯೇ ಇಲ್ಲವಾದ ಮೇಲೆ ಮಾವನ ಮನೆಯ ಋಣವೆಲ್ಲಿಯದು ಎಂಬ ಧಾಟಿಯಲ್ಲಿ ಸಾಗುವ ಅವರ ಪ್ರಸಿದ್ಧ ಪದವೊಂದು ಆ ವಿಯೋಗದೊಡನೆಯೇ ನೆನಪಾಗುತ್ತದೆ. ಮೇಲುನೋಟಕ್ಕೆ ವಿಧುರನೊಬ್ಬನ ಲೋಕವ್ಯವಹಾರದ ಮಾತು. ಒಳಹೊಕ್ಕು ನೋಡಿದರೆ ಮೋಹವು ಕಡಿದ ಮೇಲೆ ಸಂಸಾರದ ಬಂಧವೂ ಸಡಿಲುವ ವೈರಾಗ್ಯದ ನಿರೂಪಣೆ. ಅಳುವಿನ ಒಂದು ಮಾತೂ ಇಲ್ಲದಿರುವುದರಿಂದಲೇ ಅದು ನನ್ನನ್ನು ಹೆಚ್ಚು ಕಲಕುತ್ತದೆ.

ಬಾಳಿನ ನೋವು ಹಾಡಾಗುವ ಇನ್ನೊಂದು ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಲು ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಪ್ರಸ್ತಾಪ ಮಾಡಿದರೆ ಹಿರಿಯ ವಾಚಕರು ಹುಬ್ಬುಗಂಟಿಕ್ಕಬಹುದು, ಆದರೂ ಮಾಡಲೇಬೇಕಾಗಿದೆ. ಆ ಸಂಗೀತದ ಜನನವೇ ಒಂದು ವಿಪತ್ತಿನೊಡನೆ ಹೆಣೆದುಕೊಂಡಿದೆ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲೋಹದ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ತರುಣನ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಗಲು, ಆತನು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು, ಮುಂದೆ ಗಿಟಾರಿನ ತಂತಿಗಳನ್ನು ಸಡಿಲಿಸಿ ನುಡಿಸತೊಡಗಿದುದರಿಂದ ಬ್ಲ್ಯಾಕ್ ಸಬ್ಬತ್ ತಂಡದ ಆ ಮಂದ್ರ ಗಂಭೀರ ನಾದಕ್ಕೆ ಇನ್ನಷ್ಟು ಭಾರ ಕೂಡಿತು. ಅದೇ ತಂಡದ ಗಾಯಕ ಓಜಿ ಆಸ್ಬರ್ನ್ ಮದ್ಯ ಮತ್ತು ಮಾದಕವಸ್ತುಗಳ ವಶವಾಗಿ 1979ರಲ್ಲಿ ಹೊರಗಟ್ಟಲ್ಪಟ್ಟನು. ಆ ಬಳಿಕ ಆತನು ಕಟ್ಟಿದ ಹೊಸ ತಂಡದ ಬಾಸ್ ಗಿಟಾರ್ ವಾದಕ ಬಾಬ್ ಡೇಸ್ಲಿ, 'ಸೂಯಿಸೈಡ್ ಸಲ್ಯೂಷನ್' ಎಂಬ ಹಾಡಿನ ಸಾಹಿತ್ಯವನ್ನು ಆಸ್ಬರ್ನನ ಕುಡಿತವನ್ನು ಕಂಡೇ ಬರೆದೆನೆಂದು ಹೇಳಿಕೊಂಡಿದ್ದಾನೆ. ಆಸ್ಬರ್ನನಾದರೋ ಅದನ್ನು 1980ರಲ್ಲಿ ಮದ್ಯದಿಂದ ಮಡಿದ ಗಾಯಕ ಬಾನ್ ಸ್ಕಾಟನಿಗೆ ಸಂಬಂಧಿಸಿದುದೆಂದನು. ಕುಡುಕನ ಮನಸ್ಸು ತನ್ನ ಕಥೆಯನ್ನು ನೆರೆಯವನ ಹೆಸರಿಗೆ ಬರೆದುಬಿಡುವುದು ನಮ್ಮೂರುಗಳಲ್ಲಿಯೂ ಅಪರೂಪವಲ್ಲ!

ಅಲ್ಲಿ ಒಡನಾಡಿಯು ಬರೆದನು, ಬಾಧಿತನೇ ಹಾಡಿದನು. ಇಲ್ಲಿ ಬಾಧಿತನು ಪದ ಕಟ್ಟಿದನು, ಒಡನಾಡಿಗಳು ಇಂದಿಗೂ ಹಾಡುತ್ತಿದ್ದಾರೆ. ಮೊದಲನೆಯದರಲ್ಲಿ ಗೆಳೆಯನ ಧೈರ್ಯವಿದೆ, ಕೊಂಚ ನಿರ್ದಯತೆಯೂ ಇದೆ. ಎರಡನೆಯದರಲ್ಲಿ ದುಃಖವು ತನ್ನ ಒಡೆಯನನ್ನೇ ಕಳೆದುಕೊಂಡು ಊರಿನ ಸೊತ್ತಾಗುತ್ತದೆ. ನನ್ನ ಒಲವು ಎರಡನೆಯದರ ಕಡೆಗೇ ಎಂಬುದನ್ನು ಮರೆಮಾಚಲಾರೆ.

ಸಿ. ಅಶ್ವತ್ಥರ ಕಂಠ, 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಲನಚಿತ್ರ, ಈಚೆಗೆ ರಘು ದೀಕ್ಷಿತರ ಗಿಟಾರು, ಇವೆಲ್ಲ ಷರೀಫರನ್ನು ದೂರದೂರಕ್ಕೆ ಒಯ್ದಿವೆ. ಅದು ಸಂತೋಷದ ಸಂಗತಿಯೇ. ಆದರೆ ಧ್ವನಿಮುದ್ರಿಕೆಯಲ್ಲಿ ಕೇಳುಗನ ಪಾಲಿಗೆ ಕೇಳುವುದಷ್ಟೇ ಉಳಿಯುತ್ತದೆ. ಗೊಟಗೋಡಿಯವರೆಗೆ ಬಂದ ವಾಚಕರು ಶಿಶುವಿನಹಾಳದ ಗದ್ದುಗೆಗೂ ಹೋಗಿ ಬರಬೇಕು. ಎಲ್ಲಿಯಾದರೂ ಭಜನಾ ಮೇಳ ಕುಳಿತಿದ್ದುದು ಕಂಡರೆ, ಸಂಕೋಚ ಬಿಟ್ಟು ಹಿಮ್ಮೇಳದವರ ಬೆನ್ನಿಗೆ ಕುಳಿತು ಪಲ್ಲವಿಗೆ ದನಿಗೂಡಿಸಬೇಕು.