ಧೂಳಿನಲ್ಲಿರುವ ಲೋಹ: ಮಣ್ಣಿನದೋ, ಹೊಗೆಯದೋ?

ಭೀಮಾ ತೀರದ ದೇವಣಗಾಂವದಂಥ ಊರಿನಲ್ಲಿ ತೊಗರಿ ರಾಶಿ ಮಾಡುವುದನ್ನು ನೀವು ನೋಡಿರಬಹುದು. ಯಂತ್ರ ನಿಲ್ಲುವ ಹೊತ್ತಿಗೆ ತಲೆ, ಹುಬ್ಬು, ಬಟ್ಟೆಯ ತುಂಬ ಧೂಳು. ಕಣ್ಣಿಗೆ ಕಾಣುವ ಈ ಧೂಳು ಬಹುಪಾಲು ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಹಾಗಲ್ಲ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವುಗಳೊಂದಿಗೆ ಸೀಸ, ನಿಕಲ್, ಆರ್ಸೆನಿಕ್ ಕೂಡ ಒಳಸೇರಬಹುದು.

ಇವನ್ನು ಅಳೆಯುವುದು ಹೇಗೆ? ಗಾಳಿ ಎಳೆಯುವ ಯಂತ್ರದಲ್ಲಿ ಗಾಜಿನ ನಾರಿನ ಸೋಸುಹಾಳೆಯೊಂದನ್ನು ಇಡುತ್ತಾರೆ. ಯಂತ್ರ ಇಪ್ಪತ್ತನಾಲ್ಕು ಗಂಟೆಯಲ್ಲಿ ಸುಮಾರು 1,600 ಘನಮೀಟರ್ ಗಾಳಿಯನ್ನು ಎಳೆಯುತ್ತದೆ. ಹಾಳೆಯನ್ನು ಮೊದಲೂ ಆಮೇಲೂ ತೂಗಿದರೆ ಧೂಳೆಷ್ಟು ಎಂಬುದು ತಿಳಿಯುತ್ತದೆ. ಬಳಿಕ ಹಾಳೆಯ ತುಂಡನ್ನು ಆಮ್ಲದಲ್ಲಿ ಕಾಯಿಸಿ ಲೋಹಗಳನ್ನು ಕರಗಿಸುತ್ತಾರೆ. ಪ್ರತಿಯೊಂದು ಲೋಹದ ಪರಮಾಣುವೂ ತನ್ನದೇ ಆದ ತರಂಗದ ಬೆಳಕನ್ನು ಹೀರುತ್ತದೆ. ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಲೋಹದ ಪ್ರಮಾಣ ಸಿಗುತ್ತದೆ. ಆಸ್ಟ್ರೇಲಿಯಾದ ಆಲನ್ ವಾಲ್ಷ್ 1955ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಈಗ ಒಂದು ಸಣ್ಣ ಲೆಕ್ಕ. ನಮ್ಮ ದೇಶದ 2009ರ ಮಾನದಂಡದಂತೆ ಒಂದು ಘನಮೀಟರ್ ಗಾಳಿಯಲ್ಲಿ ಆರ್ಸೆನಿಕ್ಕಿನ ವಾರ್ಷಿಕ ಸರಾಸರಿ 6 ನ್ಯಾನೋಗ್ರಾಂ ಮೀರಬಾರದು. ನಿಕಲ್ 20 ಮೀರಬಾರದು. ಗಾಳಿಯಲ್ಲಿ ಆರ್ಸೆನಿಕ್ ಈ ಮಿತಿಯಷ್ಟೇ ಇದ್ದರೂ ಇಡೀ ಹಾಳೆಯ ಮೇಲೆ ಕೂಡುವುದು ಸುಮಾರು ಹತ್ತು ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದ ಒಂದು ಪಾಲು. ಕೊಳೆಯಾದ ಕೈ, ಅಶುದ್ಧ ಆಮ್ಲ, ಇಷ್ಟು ಸಾಕು ಫಲಿತಾಂಶ ಕೆಡಲು. ಆದ್ದರಿಂದ ಗಾಳಿ ಎಳೆಯದ ಖಾಲಿ ಹಾಳೆಯೊಂದನ್ನೂ ಇದೇ ರೀತಿ ಪರೀಕ್ಷಿಸಿ, ಅದರಲ್ಲಿ ಕಂಡಷ್ಟನ್ನು ಕಳೆಯುತ್ತಾರೆ.

ಇದೇ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಧೂಳಿನಲ್ಲಿ ನಿಕಲ್ ಕಂಡರೆ ಅದು ಚಿಮಣಿಯದೇ ಎನ್ನಬಹುದೇ? ಅವಸರ ಬೇಡ. ನಮ್ಮ ಎರೆಮಣ್ಣು ಬಸಾಲ್ಟ್ ಕಲ್ಲಿನಿಂದ ಆದದ್ದು. ಆ ಕಲ್ಲಿನಲ್ಲೇ ನಿಕಲ್ ಇದೆ. ಹಾಗೆಂದು ಎಲ್ಲವನ್ನೂ ಮಣ್ಣಿನ ತಲೆಗೆ ಕಟ್ಟುವುದೂ ತಪ್ಪು.

ಇದನ್ನು ಬಿಡಿಸುವ ದಾರಿ ಹೋಲಿಕೆ. ಮಣ್ಣಿನಲ್ಲಿ ಅಲ್ಯೂಮಿನಿಯಂ ಹೇರಳ. ಅದೇ ಊರಿನ ಹೊಲದ ಮಣ್ಣು ತಂದು, ಅಲ್ಯೂಮಿನಿಯಂಗೆ ಆರ್ಸೆನಿಕ್ ಎಷ್ಟು ಪಾಲು ಎಂದು ನೋಡಬೇಕು. ಗಾಳಿಯ ಧೂಳಿನಲ್ಲೂ ಅದೇ ಪಾಲು ಇದ್ದರೆ ಮಣ್ಣಿನದೆನ್ನಬಹುದು. ಹತ್ತಾರು ಪಟ್ಟು ಹೆಚ್ಚಿದ್ದರೆ ಬೇರೆ ಮೂಲವನ್ನು ಹುಡುಕಬೇಕು. ಗಾಜಿನ ಹಾಳೆಯಲ್ಲೇ ಅಲ್ಯೂಮಿನಿಯಂ ಇರುವುದರಿಂದ ಈ ಕೆಲಸಕ್ಕೆ ಟೆಫ್ಲಾನ್ ಹಾಳೆ ಒಳ್ಳೆಯದು. ಕಲ್ಲಿದ್ದಲು ಉರಿಯುವಾಗ ಆರ್ಸೆನಿಕ್ ಆವಿಯಾಗಿ, ತಣಿಯುತ್ತ ಅತಿಸಣ್ಣ ಬೂದಿಕಣಗಳ ಮೇಲೆ ಕೂರುತ್ತದೆ. ಹೀಗಾಗಿ ಸಣ್ಣ ಧೂಳನ್ನು ಪ್ರತ್ಯೇಕವಾಗಿ ಹಿಡಿದು ಪರೀಕ್ಷಿಸಬೇಕು. ಗಾಳಿ ಬೀಸಿದ ದಿಕ್ಕನ್ನೂ ಬರೆದಿಡಬೇಕು.

ನಿಮ್ಮೂರಿನ ಸಭೆಯಲ್ಲಿ ಯಾರಾದರೂ ಗಾಳಿಯ ಅಂಕಿ ಓದಿದರೆ, ಅವರು ಯಾವ ಪಕ್ಷದವರೇ ಆಗಿರಲಿ, ಇಷ್ಟು ಕೇಳಿ: ಎಷ್ಟು ದಿನ ಅಳೆದಿರಿ? ಯಾವ ಗಾತ್ರದ ಧೂಳು? ಖಾಲಿ ಹಾಳೆಯಲ್ಲಿ ಎಷ್ಟಿತ್ತು? ನಮ್ಮ ಮಣ್ಣನ್ನು ಪರೀಕ್ಷಿಸಿದ್ದೀರಾ? ವಾರ್ಷಿಕ ಸರಾಸರಿಗೆ ವಾರಕ್ಕೆ ಎರಡರಂತೆ ವರ್ಷದಲ್ಲಿ ಕನಿಷ್ಠ 104 ಅಳತೆ ಬೇಕೆಂದು ಆ ಮಾನದಂಡವೇ ಹೇಳುತ್ತದೆ. ಒಂದು ದಿನದ ಅಂಕಿಯಿಂದ ಭಯವೂ ಬೇಡ, ನೆಮ್ಮದಿಯೂ ಬೇಡ.