ಕುಸುಬೆಯ ಎರಡು ಕಾವಲು

ಗದಗಿನಿಂದ ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಗೆ ಹಬ್ಬಿರುವ ಎರೆಹೊಲಗಳಲ್ಲಿ, ಹಿಂಗಾರಿ ಜೋಳಕ್ಕೆ ದನ ನುಗ್ಗದಿರಲೆಂದು ಒಕ್ಕಲಿಗನು ಅಂಚುಗಟ್ಟಿ ಬಿತ್ತುವ ಕುಸುಬೆಯು ತನ್ನ ಮುಳ್ಳೆಲೆಗಳಿಂದ ಪೈರನ್ನು ಕಾಯುವುದನ್ನು ಆ ಸೀಮೆಯ ಕೂಸೂ ಬಲ್ಲದು. ಅದೇ ಗಿಡವು ತನ್ನ ಬೀಜದೊಳಗಿನ ಎಣ್ಣೆಗೂ ಒಂದು ಕಾವಲನ್ನಿರಿಸಿಕೊಂಡಿದೆಯೆಂಬುದನ್ನು ಅರಿತವರು ವಿರಳ.

ಎಣ್ಣೆಗೇಕೆ ಕಾವಲು? ಸಾಮಾನ್ಯ ತಳಿಗಳ ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಅದು ಆಮ್ಲಜನಕಕ್ಕೆ ಬಲುಬೇಗ ತುತ್ತಾಗುವ ವಸ್ತು. ಅದರ ಒಂದು ಅಣುವು ಜಲಜನಕದ ಪರಮಾಣುವೊಂದನ್ನು ಕಳೆದುಕೊಂಡಿತೆಂದರೆ, ಆಮ್ಲಜನಕದೊಡನೆ ಕೂಡಿ ಉಗ್ರವಾಗಿ, ತನ್ನ ನಷ್ಟವನ್ನು ನೆರೆಯ ಅಣುವಿನಿಂದ ಕಿತ್ತು ತುಂಬಿಕೊಳ್ಳುತ್ತದೆ. ಆ ನೆರೆಯದು ಮತ್ತೊಂದರ ಮೇಲೆ ಬೀಳುತ್ತದೆ. ಹಳೆಯ ಎಣ್ಣೆಯ ಕಮಟು ಈ ಸರಣಿಯ ಫಲ. ಟೊಕೊಫೆರಾಲ್, ಎಂದರೆ ಇ ಜೀವಸತ್ವವು, ನಡುವೆ ನಿಂತು ತನ್ನ ಜಲಜನಕವನ್ನೇ ದಾನಮಾಡಿ, ಕೊಟ್ಟ ಬಳಿಕವೂ ಇತರರ ಮೇಲೆ ಹರಿಹಾಯುವಷ್ಟು ಕೆರಳದೆ, ಸರಣಿಯನ್ನು ಅಲ್ಲಿಗೇ ಕಡಿದುಬಿಡುತ್ತದೆ.

ನಮ್ಮ ಜೀವಕೋಶಗಳ ಪೊರೆಯೂ ಬಹುಮಟ್ಟಿಗೆ ಇಂಥ ಕೊಬ್ಬಿನದೇ. ಉಂಡ ಎಣ್ಣೆಯೊಡನೆ ಬಂದ ಟೊಕೊಫೆರಾಲ್ ಅಲ್ಲಿ ನೆಲೆಸಿ, ಬೀಜದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸುತ್ತದೆ; ಬರಿಗೈಯಾದ ಅದಕ್ಕೆ ಜಲಜನಕವನ್ನು ಮರಳಿ ತುಂಬಿಕೊಡುವುದು ಸಿ ಜೀವಸತ್ವ. 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹಂಗೇರಿಯ ಸೆಂಟ್-ಜಾರ್ಜಿಯವರು ಆ ಸತ್ವವನ್ನು ಹೇರಳವಾಗಿ ತೆಗೆದದ್ದು ತಮ್ಮ ಊರಿನ ಮೆಣಸಿನಕಾಯಿಯಿಂದ! ಶಿರಹಟ್ಟಿಯ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದವನು, ಜೋಳದ ರೊಟ್ಟಿಯ ಮೇಲಿನ ಶೇಂಗಾ ಚಟ್ನಿಗೆ ಹಸಿ ಕುಸುಬಿ ಎಣ್ಣೆ ಸುರಿದುಕೊಂಡು, ನಡುನಡುವೆ ಹಸಿಮೆಣಸಿನಕಾಯಿ ಕಚ್ಚುವಾಗ, ದಾನಿಯೂ ದಾನಿಗೆ ದಾನಿಯೂ ಒಂದೇ ತುತ್ತಿನಲ್ಲಿ ಒಳಗಿಳಿಯುತ್ತಾರೆ.

ಹಾಗೆಂದು ಈ ಸತ್ವಗಳನ್ನು ಗುಳಿಗೆಯಾಗಿಸಿ ನುಂಗಿದರೆ ಆಯುಷ್ಯ ಬೆಳೆಯುವುದೆಂಬ ಮಾತನ್ನು ನಾನು ಒಪ್ಪಲಾರೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇ ಜೀವಸತ್ವದ ಗುಳಿಗೆಯು ಶ್ವಾಸಕೋಶದ ಅರ್ಬುದವನ್ನು ತಗ್ಗಿಸಲಿಲ್ಲ; ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ ನುಂಗಿದವರಲ್ಲಂತೂ ಅದು ಶೇಕಡಾ 18ರಷ್ಟು ಹೆಚ್ಚಿತು.

ಗಾಳಿ ಬೆಳಕುಗಳು ಶೀಷೆಯಲ್ಲಿಯೇ ಟೊಕೊಫೆರಾಲನ್ನು ತೀರಿಸಿಬಿಟ್ಟರೆ ತಟ್ಟೆಗೆ ಬರುವುದು ಕಾವಲಿಲ್ಲದ ಎಣ್ಣೆ. ಆದುದರಿಂದ ಗಾಣದಿಂದ ಕುಸುಬೆ ಎಣ್ಣೆಯನ್ನು ತಿಂಗಳಿಗಾಗುವಷ್ಟೇ ತಂದು, ಮುಚ್ಚಳ ಬಿಗಿದು, ಬಿಸಿಲು ತಾಗದ ಮೂಲೆಯಲ್ಲಿಡಿರಿ.